ಹುಲಿಯ ಮೂರನೇ ದಾರಿ

ಕಂಪ್ಯೂಟರ್ ಆಟದ ಕೋಡು ತಾನಾಗಿ ಹಳಸುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಬರೆದಿಟ್ಟ ಸಾಲು ಇವತ್ತಿಗೂ ಅಕ್ಷರ ಅತ್ತಿತ್ತ ಆಗದೆ ಇರುತ್ತದೆ. ಅದು ಕಾಲೂರಿದ್ದ ನೆಲ ಮಾತ್ರ ಸರಿದಿರುತ್ತದೆ. ಕಂಪನಿಯ ಆಟವಾದರೆ ಅದನ್ನು ಹೊಸ ನೆಲಕ್ಕೆ ನಾಟಿ ಮಾಡಲು ಸಂಬಳದ ಜನ ಇರುತ್ತಾರೆ. ಆಟದ ಹುಚ್ಚು ಹಿಡಿದವರು ಬಿಡುವಿನಲ್ಲಿ ಕಟ್ಟಿದ ಆಟಕ್ಕೆ ಆ ಭಾಗ್ಯವಿಲ್ಲ. ಬರೆದವರು ನೌಕರಿ ಹಿಡಿದು ಊರೂರು ಸೇರಿರುತ್ತಾರೆ, ಟಿಪ್ಪಣಿ ಬರೆದಿಟ್ಟಿರುವುದಿಲ್ಲ, ಯಾವ ಸಾಲು ಯಾಕಿದೆ ಎಂದು ಹೇಳುವವರಿರುವುದಿಲ್ಲ.

ಮುಂದಿನ ಸಂವಾದ ಸಿಂಧನೂರು ತಾಲ್ಲೂಕಿನ ಸಾಲಗುಂದದ ಒಂದು ಪಡಸಾಲೆಯದು. ಮಾವ ಹಿಂದೆ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟು, ಜೊತೆಗೆ ಡಿಟಿಪಿ ಕೆಲಸವನ್ನೂ ಮಾಡಿದವರು. ಅಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇಬ್ಬರ ನಡುವೆ ಒಂದು ಸಿ.ಡಿ. ಇದೆ. ಅದರಲ್ಲಿರುವುದು ಅಂಗಡಿಗೆ ಕಲಿಯಲು ಬರುತ್ತಿದ್ದ ಹುಡುಗರು ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಹುಲಿ-ಕುರಿ ಆಟ: 23 ಮನೆ, 3 ಹುಲಿ, 15 ಕುರಿ.

ಮಾವ: ಲ್ಯಾಪ್‌ಟಾಪಿಗೆ ಹೊರಗಿನ ಡ್ರೈವ್ ಹಚ್ಚಿ ನೋಡಿದೆ, ಆಟ ಏಳ್ತೈತಿ. ಅಕ್ಷರ ಮಾತ್ರ ಹುಳ ಹರದಂಗ ಕಾಣ್ತಾವ. ಮೊಮ್ಮಗನ ಮೊಬೈಲಿನ್ಯಾಗ ಹಾಕಿಕೊಡು ಅಂದ್ರ ಆಗೂದಿಲ್ಲ ಅಂತೀಯಲ್ಲ, ಯಾಕ?

ಅಳಿಯ: ಲ್ಯಾಪ್‌ಟಾಪಿನಲ್ಲಿ ಏಳುವುದೇ ದೊಡ್ಡದು, ಮಾವ. ವಿಬಿ 6 ಬಂದದ್ದು 1998ರಲ್ಲಿ. ಅದರಲ್ಲಿ ಬರೆಯುವ ಸಲಕರಣೆಗೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿತು. ಆದರೆ ಅದರಲ್ಲಿ ಕಟ್ಟಿದ ಪ್ರೋಗ್ರಾಮ್ ಓಡಲು ಬೇಕಾದ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ. ಬೇರೆ ಕಡೆ ಇಷ್ಟು ಕನಿಕರ ತೋರಿಸುವುದಿಲ್ಲ. 16 ಬಿಟ್ ಕಾಲದ ಪ್ರೋಗ್ರಾಮ್ 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ಆಪಲ್ ಕಂಪನಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್ ಕಂಪ್ಯೂಟರಿನಲ್ಲಿ 32 ಬಿಟ್ ಪ್ರೋಗ್ರಾಮುಗಳನ್ನು ಹೊರಗಿಟ್ಟಿತು. ಫ್ಲ್ಯಾಶ್‌ನಲ್ಲಿದ್ದ ಆಟಗಳಿಗೆ 2020ರ ಡಿಸೆಂಬರ್ 31 ಕೊನೆಯ ದಿನವಾಯಿತು. ಆ್ಯಂಡ್ರಾಯ್ಡ್ ಫೋನಿಗಂತೂ ವಿಬಿ 6 ಅಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೇ ಹೇಳಿದ್ದು, ಇದನ್ನು ಬಿಟ್ಟು ಹೊಸದಾಗಿ ಬರೆದುಬಿಡೋಣ. ಎರಡು ದಿನದ ಕೆಲಸ.

ಮಾವ: ಎರಡು ದಿನದಾಗ ನೀ ಬರೆಯೂದು ನಿನ್ನ ಹುಲಿ-ಕುರಿ ಆಟ. ಈ ಹುಡುಗರದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಕೊಂಡು ಹೋತು. ಆವಾಗ ಯಾರರ 33 ಗೇಟಿನ ಡ್ಯಾಮ್ ಒಡದು ಹೊಸಾದು ಕಟ್ಟೂಣು ಅಂದ್ರೇನು? ಹರಿಯೂ ನೀರಿನ್ಯಾಗ ಒಂದೊಂದ ಸ್ಟಾಪ್‌ಲಾಗ್ ಅನ್ನೂ ಅಡ್ಡಪಟ್ಟಿ ಇಳಿಸಿ ಒಂದು ವಾರದಾಗ ಬಂದ್ ಮಾಡಿದ್ರು. ಇಲ್ಲಂದ್ರ ಎಡದಂಡಿ ಕಾಲುವಿ ನಂಬಿದ ನಮ್ಮ ಭತ್ತದ ಗತಿ ಏನಾಗತಿತ್ತು?

ಹೊಸದಾಗಿ ಬರೆಯುವ ಆಸೆ ಈ ಕಸುಬಿನ ಎಲ್ಲರಿಗೂ ಬರುವಂಥದ್ದು. ಹಳೆಯ ಕೋಡು ಓದುವುದಕ್ಕಿಂತ ಹೊಸದು ಬರೆಯುವುದು ಸುಲಭ ಅನ್ನಿಸುತ್ತದೆ. ವಾಸ್ತವದಲ್ಲಿ ದಾರಿ ಮೂರು. ಹಳೆಯ ಯಂತ್ರವನ್ನೇ ಹೊಸ ಯಂತ್ರದೊಳಗೆ ನಟಿಸುವಂತೆ ಮಾಡುವುದು ಒಂದು. ಡಾಸ್ ಆಟಗಳಿಗೆ ಡಾಸ್‌ಬಾಕ್ಸ್, ಫ್ಲ್ಯಾಶ್ ಆಟಗಳಿಗೆ ರಫಲ್ ಈ ಕೆಲಸ ಮಾಡುತ್ತವೆ. ಕೋಡನ್ನು ಇಟ್ಟುಕೊಂಡು ಅದು ನೆಲ ಮುಟ್ಟುವ ಜಾಗಗಳನ್ನಷ್ಟೇ, ಅಂದರೆ ಪರದೆ, ಸದ್ದು, ಗಡಿಯಾರ, ಕಡತಗಳನ್ನು, ಬದಲಿಸುವುದು ಎರಡನೆಯದು. ಪೋರ್ಟಿಂಗ್ ಎಂಬ ಮಾತು ಸರಿಯಾಗಿ ಸಲ್ಲುವುದು ಇದಕ್ಕೆ. ಹೊಸದಾಗಿ ಬರೆಯುವುದು ಮೂರನೆಯದು. ಭಾಷೆಯೇ ಹೊಸ ಯಂತ್ರದಲ್ಲಿ ಇಲ್ಲದಿದ್ದಾಗ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಕಾಲುದಾರಿ ಉಳಿಯುತ್ತದೆ: ಸಾಲನ್ನು ಹೊಸ ಭಾಷೆಗೆ ತಂದರೂ ನಡತೆಯನ್ನು ಹಳೆಯದರಂತೆಯೇ ಉಳಿಸಿಕೊಳ್ಳುವುದು. ಸಾಲಗುಂದದ ಸಿ.ಡಿ.ಗೆ ಉಳಿದಿರುವುದು ಅದೊಂದೇ.

ಮಾವ: ನಡತಿ ಅಂದಿ ನೋಡು, ಅದ ಬೇಕಾಗಿದ್ದು. ಈ ಆಟದ ಹುಲಿಗೆ ಒಂದು ಚಾಳಿ ಇತ್ತು. ಕಂಪ್ಯೂಟರ್ ಹುಲಿ ಆಡಾಕ ಹತ್ತಿದ್ರ, ನಾಕು ದಾರಿ ತೆರವು ಇದ್ರ, ಮೊದಲ ಮೂರು ಸಲ ಮೂರನೇ ದಾರಿನ ಹಿಡಿತಿತ್ತು. ಆಟ ಮುಚ್ಚಿ ಮತ್ತ ತೆರದ್ರೂ ಹಂಗ. ಹುಡುಗರು ಬಾಯಿಪಾಠ ಮಾಡಿ ಕುರಿ ನಿಲ್ಲಿಸತಿದ್ರು.

ಅಳಿಯ: ಅದು ಚಾಳಿಯಲ್ಲ ಮಾವ, ಮರೆವು. ವಿಬಿಯಲ್ಲಿ ಯಾದೃಚ್ಛಿಕ, ಅಂದರೆ ಮೊದಲೇ ಊಹಿಸಲಾಗದ, ಸಂಖ್ಯೆ ಕೊಡಲು 'ಆರ್‌ಎನ್‌ಡಿ' ಎಂಬ ಫಂಕ್ಷನ್ ಇದೆ. ಅದಕ್ಕೂ ಮೊದಲು 'ರ್‍ಯಾಂಡಮೈಸ್' ಎಂದು ಒಂದು ಸಾಲು ಬರೆಯಬೇಕು. ಬರೆಯದಿದ್ದರೆ ಪ್ರತಿ ಸಲ ಒಂದೇ ಬೀಜಸಂಖ್ಯೆಯಿಂದ ಶುರುವಾಗುತ್ತದೆ, ಒಂದೇ ಸರಣಿ ಬರುತ್ತದೆ. ಮೊದಲ ಸಂಖ್ಯೆ ಯಾವಾಗಲೂ 0.7055475. ಎರಡನೆಯದು 0.533424, ಮೂರನೆಯದು 0.5795186. ನಾಲ್ಕು ದಾರಿ ಇದ್ದಾಗ ನಾಲ್ಕರಿಂದ ಗುಣಿಸಿ ದಶಾಂಶ ಬಿಟ್ಟುಬಿಡಿ: 2.82, 2.13, 2.31. ಮೂರಕ್ಕೂ 2. ಕಂಪ್ಯೂಟರು ಸೊನ್ನೆಯಿಂದ ಎಣಿಸುವುದರಿಂದ 2 ಅಂದರೆ ಮೂರನೇ ದಾರಿ. ನಾಲ್ಕನೇ ಸಂಖ್ಯೆ 0.2895625, ಆಗ ಹುಲಿ ಎರಡನೇ ದಾರಿಗೆ ಹೋಗುತ್ತದೆ.

ಮಾವ: ಹೌದೌದು, ನಾಕನೇದಕ್ಕ ತಿರುಗತಿತ್ತು! ಅಂದ್ರ ಹುಡುಗರು ಮರ್ತದ್ದು ಹುಲಿಯ ಸ್ವಭಾವ ಆತಲ್ಲ.

ಅಳಿಯ: ಹೊಸ ಭಾಷೆಯ ಯಾದೃಚ್ಛಿಕ ಸಂಖ್ಯೆ ಬಳಸಿದರೆ ಆ ಸ್ವಭಾವ ಹೋಗುತ್ತದೆ. ಉಳಿಸಬೇಕಾದರೆ ಆರ್‌ಎನ್‌ಡಿಯ ಲೆಕ್ಕವನ್ನೇ ಹೊಸ ಕಡೆ ಬರೆಯಬೇಕು. ಲೆಕ್ಕ ಗುಟ್ಟಿನದೇನಲ್ಲ, ಮೈಕ್ರೋಸಾಫ್ಟೇ ಪ್ರಕಟಿಸಿತ್ತು. ಹಿಂದಿನ ಶೇಷವನ್ನು 114,06,71,485ರಿಂದ ಗುಣಿಸಿ, 1,28,20,163 ಕೂಡಿಸಿ, 1,67,77,216ರಿಂದ ಭಾಗಿಸಿ ಹೊಸ ಶೇಷ ಹಿಡಿಯುವುದು. ಆ ಶೇಷವನ್ನು ಅದೇ ಭಾಜಕದಿಂದ ಭಾಗಿಸಿದರೆ ಆಗ ಹೇಳಿದ ದಶಾಂಶ ಬರುತ್ತದೆ. ಶುರುವಿನ ಬೀಜ 3,27,680.

ಮಾವ: ಅಷ್ಟ ಆದ್ರ ಮುಗೀತಲ್ಲ.

ಮುಗಿಯುವುದಿಲ್ಲ. ಹೊಸ ಆಟಕ್ಕೆ ಆರಿಸಿಕೊಂಡದ್ದು ಫೋನಿನ ಬ್ರೌಸರು. ಅದರಲ್ಲಿ ಓಡುವ ಜಾವಾಸ್ಕ್ರಿಪ್ಟ್ ಪೂರ್ಣಾಂಕಗಳನ್ನೂ ಸಾಮಾನ್ಯವಾಗಿ ದಶಾಂಶದ ಡಬ್ಬಿಯಲ್ಲೇ ಇಡುತ್ತದೆ. ಸುಮಾರು 9,007 ಲಕ್ಷ ಕೋಟಿಯವರೆಗೆ, ಅಂದರೆ ಎರಡರ 53ನೇ ಘಾತದವರೆಗೆ, ಒಂದೊಂದು ಸಂಖ್ಯೆಯೂ ಚೊಕ್ಕ. ಅದಕ್ಕಿಂತ ಮೇಲೆ ಹೋದರೆ ಕೊನೆಯ ಅಂಕೆ ಸವೆಯತೊಡಗುತ್ತದೆ. ಮೇಲಿನ ಗುಣಾಕಾರ 19,000 ಲಕ್ಷ ಕೋಟಿಯನ್ನೂ ದಾಟಬಲ್ಲದು. ಶೇಷ ಹಿಡಿಯುವ ಲೆಕ್ಕದಲ್ಲಿ ಬೇಕಾಗಿರುವುದೇ ಕೊನೆಯ ಅಂಕೆಗಳು, ಸವೆಯುವುದೂ ಅವೇ. ಒಂದು ಸಲ ಒಂದು ಅಂಕೆ ತಪ್ಪಿದರೆ ಮುಂದಿನ ಸರಣಿಯೆಲ್ಲ ಬೇರೆ. ಪರಿಹಾರ ಶಾಲೆಯ ಗಣಿತದಲ್ಲೇ ಇದೆ: ಶೇಷ ಮಾತ್ರ ಬೇಕಿರುವುದರಿಂದ ಗುಣಕವನ್ನೇ ಮೊದಲು ಅದೇ ಭಾಜಕದಿಂದ ಇಳಿಸಿಕೊಳ್ಳಬಹುದು. 114 ಕೋಟಿಯ ಗುಣಕ 1,65,98,013 ಆಗುತ್ತದೆ, ಗುಣಲಬ್ಧ 300 ಲಕ್ಷ ಕೋಟಿಯನ್ನು ಮುಟ್ಟುವುದಿಲ್ಲ, ಉತ್ತರ ಒಂದಿಷ್ಟೂ ಬದಲಾಗುವುದಿಲ್ಲ. ಮೂಲ ಕೋಡಿನಲ್ಲಿ ಇದ್ದದ್ದು ಬರೀ ಮೂರಕ್ಷರದ ಒಂದು ಫಂಕ್ಷನ್ ಹೆಸರು. ಅದರ ಹಿಂದೆ ಅಡಗಿದ್ದದ್ದು ಇಷ್ಟು. ಪೋರ್ಟಿಂಗ್‌ನ ಕಷ್ಟವೆಲ್ಲ ಬರೆದಿರುವ ಸಾಲಿಗಿಂತ ಹೀಗೆ ಬರೆಯದೆ ನಂಬಿಕೊಂಡ ಸಂಗತಿಗಳಲ್ಲೇ ಹೆಚ್ಚು.

ಮಾವ: ಒಂದು ಹುಲಿ ಸಲುವಾಗಿ ಇಷ್ಟು ಯಾರರ ಮಾಡ್ತಾರೇನಪಾ?

ಅಳಿಯ: ಡೂಮ್ ಆಟದವರು ಮಾಡಿದ್ದಾರೆ. ಆ ಆಟ 1993ರ ಡಿಸೆಂಬರ್‌ನಲ್ಲಿ ಬಂತು, 1997ರ ಡಿಸೆಂಬರ್‌ನಲ್ಲಿ ಅದರ ಕೋಡನ್ನು ಹೊರಗೆ ಬಿಟ್ಟರು. ಅಲ್ಲಿಂದ ಅಭಿಮಾನಿಗಳು ಅದನ್ನು ಒಯ್ಯದ ಯಂತ್ರವಿಲ್ಲ. ಆ ಆಟದಲ್ಲಿ ಒಬ್ಬರು ಆಡಿದ್ದನ್ನು ಇನ್ನೊಬ್ಬರು ನೋಡಲು ಡೆಮೊ ಕಡತ ಉಳಿಸಬಹುದು. ಕಡತದಲ್ಲಿ ಚಿತ್ರ ಇರುವುದಿಲ್ಲ, ಯಾವ ಕ್ಷಣಕ್ಕೆ ಯಾವ ಕೀ ಒತ್ತಿದರು ಎಂಬುದಷ್ಟೇ ಇರುತ್ತದೆ. ಉಳಿದದ್ದನ್ನು ಆಟ ಮತ್ತೆ ಆಡಿ ತೋರಿಸುತ್ತದೆ. ಸೆಕೆಂಡಿಗೆ 35 ಹೆಜ್ಜೆ, ಯಾದೃಚ್ಛಿಕ ಸಂಖ್ಯೆಗೆ 256 ಸಂಖ್ಯೆಗಳ ಒಂದು ಸ್ಥಿರ ಪಟ್ಟಿ. ಒಂದು ಹೆಜ್ಜೆ ತಪ್ಪಿದರೂ ನಾಯಕ ಗೋಡೆಗೆ ಹಾಯುತ್ತಾ ನಿಲ್ಲುತ್ತಾನೆ. ಅದಕ್ಕೇ 2005ರಲ್ಲಿ ಶುರುವಾದ ಚಾಕೊಲೇಟ್ ಡೂಮ್ ಎಂಬ ಪೋರ್ಟು ಮೂಲದ ತಪ್ಪುಗಳನ್ನೂ ಹಾಗೇ ಉಳಿಸಿಕೊಂಡಿದೆ. ಅದನ್ನೇ ಇಲ್ಲೂ ಮಾಡೋಣ. ನೀವು ಲ್ಯಾಪ್‌ಟಾಪಿನಲ್ಲಿ ಹಳೆಯದನ್ನು ಹತ್ತು ಸಲ ಆಡಿ, ಪ್ರತಿ ನಡೆಯನ್ನೂ ಬರೆದಿಡಿ. ಹೊಸದಕ್ಕೆ ಅವೇ ಕುರಿ ನಡೆ ಕೊಡೋಣ. ಹುಲಿಯ ಉತ್ತರ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ತಪ್ಪಿದೆ.

ಮಾವ: ಬರೆಯೂದು ನನಗ ಬಿಡು. ಮತ್ತ ಏನೇನು ಅಡಗೈತಿ ಇದರಾಗ?

ಅಡಗಿದ್ದದ್ದು ಬಹಳ, ಹೆಚ್ಚಿನವು ಬೇಗ ಬಗೆಹರಿಯುವಂಥವು. ವಿಬಿ 6 ಅಳತೆ ಹಿಡಿಯುವುದು ಟ್ವಿಪ್‌ನಲ್ಲಿ, ಇಂಚಿಗೆ 1440. ಅಂದಿನ ಪರದೆಗಳಲ್ಲಿ ಒಂದು ಚುಕ್ಕೆಗೆ 15 ಟ್ವಿಪ್ ಬರುತ್ತಿದ್ದುದರಿಂದ ಹುಡುಗರು ಎಲ್ಲೆಂದರಲ್ಲಿ 15 ಎಂದು ಬರೆದಿದ್ದರು. ಅಕ್ಷರ ದೊಡ್ಡದು ಮಾಡಿಕೊಂಡ ಪರದೆಯಲ್ಲಿ ಅದು 12 ಆದ ಕೂಡಲೇ ಕುರಿ ಗೆರೆ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತದೆ. ಕಡತದ ಹೆಸರುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೆರೆತಿದ್ದವು. ವಿಂಡೋಸ್ ಎರಡನ್ನೂ ಒಂದೇ ಎಂದು ತಿಳಿದುಕೊಳ್ಳುತ್ತದೆ, ಲಿನಕ್ಸ್ ಕುಲದ ಯಂತ್ರಗಳು ತಿಳಿದುಕೊಳ್ಳುವುದಿಲ್ಲ. ಇದ್ದುದರಲ್ಲಿ ತಲೆನೋವಿನದು, ಗುಂಡಿ ಒತ್ತಿದಾಗ ಓಡುವ ಒಂದೇ ತುಣುಕಿನೊಳಗೆ ಆಟದ ನಿಯಮ, ಚಿತ್ರ ಸರಿಸುವುದು, ಸದ್ದು ಮಾಡುವುದು ಎಲ್ಲ ಕಲಸಿದ್ದದ್ದು. ಕಲಿಯುವವರ ಕೋಡು ಹೀಗೇ ಇರುತ್ತದೆ, ಕಲಿತವರದ್ದೂ ಹಲವು ಸಲ ಹೀಗೇ ಇರುತ್ತದೆ. ಯಾವುದೇ ಭಾಷೆಗೆ ಒಯ್ಯುವ ಮೊದಲು ನಿಯಮವನ್ನು ಪರದೆಯಿಂದ ಬಿಡಿಸಬೇಕು. ಅದೊಂದು ಆದರೆ ನೆಲ ಇನ್ನೊಮ್ಮೆ ಸರಿದಾಗ ಬದಲಿಸಬೇಕಾದದ್ದು ಅರ್ಧ ಮಾತ್ರ. ಫೋನಿನ ಆ್ಯಪ್ ಬಿಟ್ಟು ಬ್ರೌಸರನ್ನು ಆರಿಸಿದ್ದಕ್ಕೂ ಕಾರಣ ನೆಲ ಹೀಗೆ ಸರಿಯುವುದೇ: ಗೂಗಲ್ ಪ್ಲೇ 2019ರ ಆಗಸ್ಟ್‌ನಲ್ಲಿ 64 ಬಿಟ್ ಬೇಕೆಂದಿತು, 2025ರ ನವೆಂಬರ್‌ನಲ್ಲಿ ಮೆಮೊರಿಯ 16 ಕೆ.ಬಿ. ಪುಟಗಳಿಗೆ ಹೊಂದಬೇಕೆಂದಿತು. ವರ್ಷವರ್ಷ ಕಾಯಲು ಈ ಆಟಕ್ಕೆ ಆಳಿಲ್ಲ.

ಅಳಿಯ: ಇನ್ನು ಅಕ್ಷರ. ಅದು ನನಗೆ ತಿಳಿಯದು. ಕಡತ ತೆರೆದರೆ ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೆರೆ ಇರುವ 'ಎ', ಪೌಂಡ್ ಚಿಹ್ನೆ, ಏನೇನೋ ಇದೆ.

ಮಾವ: ಅದು ನನ್ನ ಹೊಲ, ಕುಂದರು. ವಿಬಿ 6ರ ಗುಂಡಿ, ಪಟ್ಟಿ ಯಾವುದಕ್ಕೂ ಎಲ್ಲಾ ಭಾಷೆಯ ಅಕ್ಷರಕ್ಕೂ ಬ್ಯಾರೆ ಬ್ಯಾರೆ ಮನಿ ಕೊಡೂ ಯೂನಿಕೋಡ್ ಬರತಿರಲಿಲ್ಲ. ಕನ್ನಡ ಬೇಕಂದ್ರ ನುಡಿ ಇಲ್ಲಂದ್ರ ಬರಹ ಅನ್ನೂ ತಂತ್ರಾಂಶ ಬೇಕಿತ್ತು. ಬರಹ ಶೇಷಾದ್ರಿವಾಸು ಅವರು 1998ರಾಗ ತಂದದ್ದು. ನುಡಿ ಕನ್ನಡ ಗಣಕ ಪರಿಷತ್ತಿನವರದ್ದು, ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಆ ಕಾಲದ ನುಡಿ ಏನು ಮಾಡತಿತ್ತಂದ್ರ, ಇಂಗ್ಲಿಷ್ ಅಕ್ಷರದ ಮನಿಗಳೊಳಗ ಕನ್ನಡದ ತುಂಡುಗಳನ್ನ ಕುಂದರಿಸತಿತ್ತು. ಅಕ್ಷರ ಅಲ್ಲ, ತುಂಡು. 80ನೇ ಮನಿಯಾಗ ತಲೆಕಟ್ಟಿಲ್ಲದ ಕ. 192ನೇ ಮನಿಯಾಗ ಬರೀ ತಲೆಕಟ್ಟು. ಎರಡೂ ಕೂಡಿದ್ರ ಕ. 'ಕನ್ನಡ' ಅಂತ ಬರದ್ರ ಕಡತದಾಗ ಕುಂದ್ರೂದು 80, 192, 163, 192, 223, 113, 192. ಏಳು. ಇದರಾಗ 223 ಅಂದ್ರ ನ ಒತ್ತು.

ಅಳಿಯ: ಯೂನಿಕೋಡಿನಲ್ಲಿ ಐದು: 3221, 3240, 3277, 3240, 3233. ಕ, ನ, ಹಲಂತ, ನ, ಡ. ತಲೆಕಟ್ಟಿಗೆ ಬೇರೆ ಮನೆ ಇಲ್ಲ, ಒತ್ತಿಗೂ ಇಲ್ಲ. ಅಕ್ಷರವನ್ನು ಇಡುವುದು ಕಡತ, ಆಕಾರ ಕೊಡುವುದು ಫಾಂಟು. 80 ಇದ್ದಲ್ಲಿ 3221, ಹೀಗೆ ಒಂದಕ್ಕೊಂದು ಬದಲಿಸಿದರೆ ಸಾಲದೇ?

ಮಾವ: ಸಾಲೂದಿಲ್ಲ. ಹುಲಿ ಗೆದ್ದಾಗ ಬರೂ ಮಾತು ನೋಡು, 'ಕುರಿಗಳು ಮುಗಿದವು'. ಇದರಾಗ ಮು ಐತಿ, ವು ಐತಿ. ನುಡಿಯೊಳಗ ಮ ಅಂತ ಬೇರೆ ತುಂಡಿಲ್ಲ. ವದ ಒಡಲು 170, ತಲೆಕಟ್ಟು 192, ಅದರ ಬಾಜೂಕ ಕೊಂಬು 196 ಹಚ್ಚಿದ್ರ ಮ. ಇನ್ನೊಂದು 196 ಹಚ್ಚಿದ್ರ ಮು. ವು ಬೇಕಂದ್ರ ಬ್ಯಾರೆ ಆಕಾರದ ಕೊಂಬು, 197. ನಿನ್ನ ಪ್ರೋಗ್ರಾಮ್ ಒಂದೊಂದ ತುಂಡು ನೋಡ್ಕೊಂತ ಹೋದ್ರ ಮ ಬರೂ ಕಡಿ ಎಲ್ಲ 'ವು' ಬರ್ತೈತಿ. ಅಮ್ಮ ಅಂತ ಬರದ್ರೂ ಅಲ್ಲೊಂದು ವು ಎದ್ದು ಕುಂದ್ರತೈತಿ!

ಅಳಿಯ: ಅಂದರೆ ಉದ್ದನೆಯ ಗುಂಪನ್ನು ಮೊದಲು ಹುಡುಕಬೇಕು. 170-192-196ನ್ನು ಒಟ್ಟಾಗಿ ಮ ಎಂದು ಹಿಡಿದು, ಉಳಿದದ್ದನ್ನು ಆಮೇಲೆ.

ಮಾವ: ಹಂ. ಇನ್ನ 'ಗರ್ಜನೆ' ಅಂತ ಒಂದು ಗುಂಡಿ ಐತಲ್ಲ, ಸದ್ದು ಬೇಕೋ ಬ್ಯಾಡೋ ಕೇಳಾಕ. ನಾವು ಅರ್ಕಾವತ್ತು ಎಲ್ಲಿ ಬರೀತೀವಿ? ಜ ಆದ ಮ್ಯಾಲ, ಬಲಕ್ಕ. ನುಡಿನೂ ಹಂಗ ಇಡತಿತ್ತು: ಗ, ಜ, 240ನೇ ಮನಿಯ ಅರ್ಕಾವತ್ತು, ನೆ.

ಯೂನಿಕೋಡ್ ಇಡುವುದು ಉಚ್ಚಾರದ ಕ್ರಮದಲ್ಲಿ: ಗ, ರ, ಹಲಂತ, ಜ, ಆಮೇಲೆ ನೆ. ಆದ್ದರಿಂದ 240 ಕಂಡ ಕೂಡಲೇ ಹಿಂದಿನ ವ್ಯಂಜನವನ್ನು, ಅದಕ್ಕೆ ಒತ್ತು ಅಥವಾ ಸ್ವರಚಿಹ್ನೆ ಇದ್ದರೆ ಅದರ ಸಮೇತ, ಹಿಮ್ಮುಖವಾಗಿ ದಾಟಿ ರ್ ಅನ್ನು ಅದರ ಮೊದಲಿಗೆ ಕೂಡಿಸಬೇಕು. ಒತ್ತಕ್ಷರದ ಮಾತೂ ಹಾಗೆಯೇ. ನುಡಿ ಮೊದಲು ಮೂಲ ಅಕ್ಷರವನ್ನು ಸ್ವರಚಿಹ್ನೆಯ ಸಮೇತ ಬರೆದು ಒತ್ತನ್ನು ಕೊನೆಗೆ ಇಡುತ್ತದೆ. ಯೂನಿಕೋಡಿನಲ್ಲಿ ಸ್ವರಚಿಹ್ನೆ ಎಲ್ಲದರ ನಂತರ ಬರಬೇಕು. ಒಂದು ಕ್ರಮ ಕಣ್ಣಿನದು, ಇನ್ನೊಂದು ಕಿವಿಯದು. ಕನ್ನಡದ ಕಚೇರಿ, ಮುದ್ರಣಾಲಯ, ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಮತ್ತು ಬರಹ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿದ ಎಲ್ಲರೂ ಈ ಎರಡು ಕ್ರಮಗಳ ನಡುವೆ ಎಡವಿದವರೇ. ಫಾಂಟು ಜೊತೆಗಿದ್ದೇ ಇರುತ್ತದೆ ಎಂಬುದು ಆ ಕಡತಗಳು ಬರೆಯದೆ ನಂಬಿದ್ದ ಮಾತು. ಮಾವನ ಲ್ಯಾಪ್‌ಟಾಪಿಗೆ 'ನುಡಿ 01 ಇ' ಫಾಂಟು ಹಾಕಿದಾಗ ಹುಳಗಳೆಲ್ಲ ಅಕ್ಷರವಾದವು. ಫೋನಿಗೆ ಹಾಗೆ ಹಾಕಿ ಉಪಯೋಗವಿಲ್ಲ. ಪರದೆಯ ಮೇಲೆ ಚೆಂದ ಕಂಡರೂ ಹುಡುಕಲು, ಓದಿ ಹೇಳಿಸಲು ಅದು ಇಂಗ್ಲಿಷಿನ ಕಸವೇ.

ಅಳಿಯ: ಗೆದ್ದ ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಹಾಗೆ ಬರೆದಿದ್ದಾರೆ. ಅಲ್ಲಿ ಮೊದಲು ತಲೆಕಟ್ಟಿಲ್ಲದ ಕ ಕಾಣುತ್ತಿತ್ತು, ಆಮೇಲೆ ತಲೆಕಟ್ಟು ಬೀಳುತ್ತಿತ್ತು. ಅದನ್ನೂ ಉಳಿಸಬೇಕೇ?

ಮಾವ: ಬ್ಯಾಡ. ಅದು ಆಟದ್ದಲ್ಲ, ಫಾಂಟಿನ ಬಡತನ. ಇಡೀ ಅಕ್ಷರ ಒಮ್ಮೆ ಬರಲಿ.

ಯಾವ ತಪ್ಪನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕು ಎಂಬುದಕ್ಕೆ ಪುಸ್ತಕದ ನಿಯಮವಿಲ್ಲ. ಆಡುವವರು ಅದರ ಮೇಲೆ ತಮ್ಮ ನಡೆ ಕಟ್ಟಿಕೊಂಡಿದ್ದರೆ ಅದು ಆಟದ ಭಾಗ. ಕಂಡೂ ಸಹಿಸಿಕೊಂಡಿದ್ದರೆ ತಿದ್ದಬಹುದು. ಮಾವನ ತೀರ್ಪು ಈ ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಮಾವ: ನಮ್ಮ ಹತ್ರ ಬರದ ಕೋಡ್ ಐತಿ. ಬರೀ ಓಡೂ ಕಡತ ಇದ್ದು ಮೂಲ ಇರಲಿಲ್ಲಂದ್ರ?

ಅಳಿಯ: ಮಸ್ಕಿ ಬಂಡೆಯ ಗತಿ. ಬ್ರಾಹ್ಮಿ ಅಕ್ಷರ ಕಲ್ಲಿನ ಮೇಲೆ ಎಲ್ಲರ ಕಣ್ಣೆದುರಿಗೇ ಇದ್ದವು, ಓದುವವರಿರಲಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದುವ ದಾರಿ ಕಂಡುಕೊಂಡ. 1915ರಲ್ಲಿ ಮಸ್ಕಿಯ ಶಾಸನ ಸಿಕ್ಕ ಮೇಲೆ ಶಾಸನಗಳಲ್ಲಿ ಕಾಣುವ ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಖಚಿತವಾಯಿತು. ಆಟಗಳಲ್ಲೂ ಹೀಗೆ ಓದಿದ್ದುಂಟು. ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್ ಎಂಬ ಆಟವನ್ನು ಕ್ರಿಸ್ ಸಾಯರ್ ಬಹುಪಾಲು ಅಸೆಂಬ್ಲಿಯಲ್ಲಿ ಬರೆದಿದ್ದರು. ಅದರ ಮೂಲ ಹೊರಬರಲಿಲ್ಲ. ಲುಡ್ವಿಗ್ ಸ್ಟ್ರಿಗೇಯುಸ್ ಓಡುವ ಕಡತವನ್ನೇ ಬಿಡಿಸಿ ಓದಿ, ಸಿ ಭಾಷೆಯಲ್ಲಿ ಮತ್ತೆ ಬರೆದು 2004ರ ಮಾರ್ಚ್‌ನಲ್ಲಿ ಓಪನ್ ಟಿಟಿಡಿ ಎಂದು ಹೊರತಂದರು. ಚಿತ್ರಗಳು, ಸದ್ದುಗಳು ಮಾತ್ರ ಮೂಲ ಆಟದವೇ ಬೇಕಾಗುತ್ತಿದ್ದವು. ಅವಕ್ಕೆ ಬದಲಾಗಿ ಅಭಿಮಾನಿಗಳೇ ಒಂದೊಂದು ರೈಲು, ಒಂದೊಂದು ಮರ ಬಿಡಿಸಿ, ಸದ್ದುಗಳನ್ನೂ ಕೂಡಿಸಿದ ಮೇಲೆ ಆಟ ಪೂರ್ತಿ ಸ್ವತಂತ್ರವಾಯಿತು.

ಮಾವ: ಹಂಗ ಬಿಚ್ಚಿ ಓದಾಕ ಕಾಯ್ದೆ ಒಪ್ಪತೈತೇನು?

ಭಾರತದ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ನ್ಯಾಯವಾಗಿ ಪಡೆದವರು ಕಾಪಿಟ್ಟುಕೊಳ್ಳುವ ಪ್ರತಿ ಮಾಡಿಕೊಳ್ಳಲು, ಅದು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ಅಭ್ಯಾಸ ಮಾಡಲು, ತಾವು ಬೇರೆಯಾಗಿ ಬರೆದ ಪ್ರೋಗ್ರಾಮ್ ಅದರೊಂದಿಗೆ ಹೊಂದಿಕೊಳ್ಳಲು ಬೇಕಾದ ಮಾಹಿತಿ ಬೇರೆಲ್ಲೂ ಸುಲಭವಾಗಿ ಸಿಗದಿದ್ದರೆ ಪಡೆದುಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ. ಹೊಸ ರೂಪ ಕೊಟ್ಟು ಊರಿಗೆಲ್ಲ ಹಂಚುವುದು ಆ ಅವಕಾಶದಲ್ಲಿ ಬರುವುದಿಲ್ಲ. ಇನ್ನೊಬ್ಬರ ಆಟದ ಮೇಲಿನ ಪ್ರೀತಿಯೂ ಪರವಾನಗಿಯಾಗುವುದಿಲ್ಲ: ಮೆಟ್ರಾಯ್ಡ್ ಆಟದ ಅಭಿಮಾನಿಯೊಬ್ಬರು ಹಲವು ವರ್ಷ ಕಷ್ಟಪಟ್ಟು ಅದರ ಎರಡನೇ ಭಾಗವನ್ನು ಮತ್ತೆ ಕಟ್ಟಿ 2016ರ ಆಗಸ್ಟ್ 6ರಂದು ಬಿಟ್ಟರು, ನಿಂಟೆಂಡೊ ಕಂಪನಿಯ ತಕರಾರಿನಿಂದ ಅದು ಕೂಡಲೇ ಕೆಳಗಿಳಿಯಿತು.

ಅಳಿಯ: ಹುಲಿ-ಕುರಿ ಆಟದ ನಿಯಮ ಯಾರ ಸ್ವತ್ತೂ ಅಲ್ಲ, ಗುಡಿಯ ಹಾಸುಗಲ್ಲಿನ ಮೇಲೆ ಕೆತ್ತಿ ಆಡಿದ್ದು. ಆದರೆ ಈ ಕೋಡು ಆ ಹುಡುಗರದ್ದು. ಅವರನ್ನು ಕೇಳಬೇಕು.

ಮಾವ: ನಾಕು ಮಂದಿ. ನಾಕೂ ಮಂದಿ ನಂಬರ್ ಐತಿ, ಸಂಜೀಕ ಫೋನ್ ಹಚ್ಚಿ ಒಪ್ಪಿಗಿ ಬರಸ್ಕೋತೀನಿ. ಚಿತ್ರಾನೂ ಅವರದ.

ಅಳಿಯ: ಗರ್ಜನೆ?

ಮಾವ: ಅದೊಂದು... ಯಾವುದೋ ಸಿನಿಮಾ ಕ್ಯಾಸೆಟ್ಟಿನಿಂದ ತಗೊಂಡಿದ್ರು.

ಡೂಮ್ ಆಟದ ಕೋಡು ಹೊರಬಂದಾಗಲೂ ಸದ್ದಿನದೇ ತೊಡಕಾಗಿತ್ತು. ಡಾಸ್ ಆವೃತ್ತಿಯ ಸದ್ದಿನ ಲೈಬ್ರರಿ ಬೇರೆಯವರದ್ದಾಗಿದ್ದರಿಂದ ಅದನ್ನು ಬಿಟ್ಟು ಲಿನಕ್ಸ್ ಆವೃತ್ತಿಯ ಕೋಡನ್ನು ಕೊಡಬೇಕಾಯಿತು. ಸಾಲಗುಂದದಲ್ಲಿ ಗುಂಡಿ ಉಳಿಯಿತು, ಸಿನಿಮಾದ ಸದ್ದು ಹೋಯಿತು. ಅದರ ಜಾಗದಲ್ಲಿ ಈಗ ಇರುವುದು ಮಾವ ಬಾಗಿಲು ಹಾಕಿಕೊಂಡು ಫೋನಿಗೆ ತಾವೇ ಗರ್ಜಿಸಿದ ನಾಲ್ಕು ಸೆಕೆಂಡಿನ ಕಡತ.